ಡಬ್ಬಿ ಕೊಳ್ಳುವ ಮೊದಲು: ಅಡುಗೆಮನೆಯ ಉಗ್ರಾಣಕ್ಕೆ ಗಾಳಿಯಾಡದ ಡಬ್ಬಿ ಆರಿಸುವ ಬಗೆ

ನಾಲ್ಕು ಮಳೆಗಾಲದ ಹಿಂದೆ ರಿಯಾಯಿತಿ ಕಂಡು ಆನ್‌ಲೈನಿನಲ್ಲಿ ಹದಿನೆಂಟು ಡಬ್ಬಿಗಳ ಸೆಟ್ ತರಿಸಿದ್ದೆ. ಎಲ್ಲದಕ್ಕೂ ಒಂದೇ ಬಣ್ಣ, ನಾಲ್ಕೂ ಕಡೆ ಟಕ್ಕೆಂದು ಕೂರುವ ಕ್ಲಿಪ್ಪು, ಒಂದರ ಮೇಲೊಂದು ಇಟ್ಟರೆ ಇಟ್ಟಿಗೆ ಗೋಡೆಯಂತೆ ಅಚ್ಚುಕಟ್ಟು. ಸೆಪ್ಟೆಂಬರ್ ಹೊತ್ತಿಗೆ ಮೈದಾ ಡಬ್ಬಿಯಲ್ಲಿ ಕಂದು ಹುಳ. ಮೈದಾ ಚೆಲ್ಲಿ, ಡಬ್ಬಿ ತೊಳೆದು, ಹೊಸ ಪ್ಯಾಕೆಟ್ ಸುರಿದೆ. ತಿಂಗಳು ತುಂಬುವುದರೊಳಗೆ ಮತ್ತೆ ಹುಳ. ಕೊನೆಗೊಂದು ದಿನ ಮುಚ್ಚಳದ ರಬ್ಬರ್ ರಿಂಗನ್ನು ಹೇರ್‌ಪಿನ್ನಿನಿಂದ ಎಬ್ಬಿಸಿ ನೋಡಿದರೆ ಅದರಡಿಯ ಸಣ್ಣ ಕಾಲುವೆಯಲ್ಲಿ ಹಳೆಯ ಹಿಟ್ಟು ಪಟ್ಟಿಯಾಗಿ ಗಟ್ಟಿಯಾಗಿತ್ತು. ಆ ಪಟ್ಟಿಯೊಳಗೆ ದಾರದಷ್ಟು ತೆಳ್ಳಗಿನ ಮರಿಹುಳಗಳು ನಿಧಾನಕ್ಕೆ ಹೊರಳುತ್ತಿದ್ದವು.

ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಗೋಳು ತೋಡಿಕೊಂಡೆ. "ಡಬ್ಬಿ ಹೊಸತು ಮಾರಾಯ್ತಿ, ಹುಳ ಹಳೇದೇ. ಅದನ್ನ ಒಳಗೆ ಹಾಕಿ ಚಿಲಕ ಹಾಕಿದ್ದು ನೀನೇ ಅಲ್ದಾ?" ಅಂದರು.

ಅಲ್ಲಿಂದೀಚೆಗೆ ಡಬ್ಬಿಗಳ ವಿಷಯದಲ್ಲಿ ನನ್ನ ಲೆಕ್ಕ ಬದಲಾಯಿತು. ಗಾಳಿಯಾಡದ ಡಬ್ಬಿ ಏನನ್ನೂ ಒಣಗಿಸುವುದಿಲ್ಲ, ಯಾವ ಹುಳವನ್ನೂ ಓಡಿಸುವುದಿಲ್ಲ. ನೀವು ಹಾಕಿದ್ದನ್ನು ಹಾಕಿದ ಸ್ಥಿತಿಯಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಒಣಗಿದ್ದು ಒಣಗಿಯೇ ಇರುತ್ತದೆ, ತೇವದ್ದು ಒಳಗೇ ಮುಗ್ಗುತ್ತದೆ. ಹಾಗಾಗಿ ಡಬ್ಬಿಯ ಆಯ್ಕೆ ಅಂಗಡಿಯಲ್ಲಿ ಶುರುವಾಗುವುದಲ್ಲ, ನಮ್ಮ ಉಗ್ರಾಣದಲ್ಲಿ ಏನಿದೆ ಎಂಬಲ್ಲಿ ಶುರುವಾಗಬೇಕು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಯಲುಸೀಮೆಯವರು ಜೋಳ, ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದಡಿಯ ಗುಂಡಿಯಲ್ಲಿ, ತುಂಬಿ ಬಾಯಿಗೆ ಮಣ್ಣು ಮೆತ್ತಿ ಗಾಳಿ ತಪ್ಪಿಸುತ್ತಿದ್ದರು. ಬಾಯಿ ತೆರೆದ ಕೂಡಲೇ ಒಳಗಿಳಿದರೆ ಉಸಿರು ಕಟ್ಟುವಷ್ಟು ಬಿಗಿ ಅದು. ಕರಾವಳಿಯವರು ಅದೇ ಕಾಲಕ್ಕೆ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಗಾಳಿಯಾಡಲು ಬಿಡುತ್ತಿದ್ದರು. ಹವೆ ಬೇರೆ, ಕಾಳು ಬೇರೆ, ಉಪಾಯವೂ ಬೇರೆ.

ಹಂತ 1: ಎಲ್ಲವನ್ನೂ ಕೆಳಗಿಳಿಸಿ

ಒಂದು ಭಾನುವಾರ ಬೆಳಿಗ್ಗೆ ಕಪಾಟು, ಸಜ್ಜೆ ಎಲ್ಲ ಖಾಲಿ ಮಾಡಿ ನೆಲದ ಮೇಲೆ ಪೇಪರ್ ಹಾಸಿ ಸಾಮಾನು ಹರಡಿ. ಕ್ಲಿಪ್ ಹಾಕಿಟ್ಟ ಅರೆ ಪ್ಯಾಕೆಟ್ಟುಗಳು, ಎರಡು ವರ್ಷದ ಹಿಂದಿನ ಜೋಳದ ಹಿಟ್ಟು, ಮೂರು ಕಡೆ ಸಾಸಿವೆ, ಎಲ್ಲ ಹೊರಬರುತ್ತವೆ. ಗಾಬರಿ ಬೇಡ. ಇವನ್ನು ನಾಲ್ಕು ಗುಂಪು ಮಾಡಿ.

ಮೊದಲನೆಯದು ತೇವ ಎಳೆದುಕೊಳ್ಳುವವು: ಉಪ್ಪು, ಬೆಲ್ಲ, ಸಕ್ಕರೆ, ಹಪ್ಪಳ, ಸಂಡಿಗೆ, ಅವಲಕ್ಕಿ, ಮಂಡಕ್ಕಿ, ಚಕ್ಕುಲಿ, ಚಿಕೋರಿ ಬೆರೆತ ಕಾಫಿಪುಡಿ. ಎರಡನೆಯದು ಹುಳ ಹಿಡಿಯುವವು: ಅಕ್ಕಿ, ರವೆ, ಗೋಧಿ ಹಿಟ್ಟು, ಮೈದಾ, ಹೆಸರುಕಾಳು, ಅಲಸಂದೆ, ಕಡಲೆ. ಮೂರನೆಯದು ಎಣ್ಣೆ ಇರುವ ಕಾರಣಕ್ಕೆ ಕಮಟು ಹಿಡಿಯುವವು: ಕೊಬ್ಬರಿ, ಕಡಲೆಕಾಯಿ ಬೀಜ, ಎಳ್ಳು, ಹುಚ್ಚೆಳ್ಳು, ಅಗಸೆ, ಚಟ್ನಿಪುಡಿ. ನಾಲ್ಕನೆಯದು ಪರಿಮಳ ಕಳೆದುಕೊಳ್ಳುವವು ಅಥವಾ ಬೇರೆಯದಕ್ಕೆ ಹಚ್ಚುವವು: ಇಂಗು, ಸಾರಿನ ಪುಡಿ, ಹುಳಿ ಪುಡಿ, ಏಲಕ್ಕಿ, ಕಾಫಿಪುಡಿ.

ಕಾಫಿಪುಡಿ ಎರಡು ಕಡೆ ಬಂತಲ್ಲ, ಅದು ಹಾಗೆಯೇ. ಉಗ್ರಾಣದಲ್ಲಿ ಅದರಷ್ಟು ನಾಜೂಕಿನ ವಸ್ತು ಇನ್ನೊಂದಿಲ್ಲ.

ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಈ ಪಟ್ಟಿಯಲ್ಲಿಲ್ಲ. ಅವಕ್ಕೆ ಗಾಳಿ ಬೇಕು, ಬುಟ್ಟಿಯೇ ಸರಿ. ಮುಚ್ಚಿಟ್ಟರೆ ಬೆವೆತು ಕೊಳೆಯುತ್ತವೆ.

ಹಂತ 2: ಲೀಟರಿನಲ್ಲಿ ಯೋಚಿಸಿ

ನಾವು ಕೊಳ್ಳುವುದು ಕೆಜಿಯಲ್ಲಿ, ಡಬ್ಬಿ ಸಿಗುವುದು ಲೀಟರಿನಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕೆಜಿ ಪ್ಯಾಕೆಟ್ಟಿಗೆ ಒಂದು ಲೀಟರ್ ಡಬ್ಬಿ ತಂದರೆ ಕಾಲು ಭಾಗ ಹೊರಗುಳಿದು ಮತ್ತೆ ಅದೇ ಕ್ಲಿಪ್ ಹಾಕಿದ ಪ್ಯಾಕೆಟ್!

ಒಂದು ಕೆಜಿ ಅಕ್ಕಿ ಅಥವಾ ತೊಗರಿಬೇಳೆಗೆ ಸುಮಾರು 1.25 ಲೀಟರ್ ಜಾಗ ಬೇಕು. ರವೆಗೆ ಸುಮಾರು ಒಂದೂವರೆ. ಸಡಿಲವಾಗಿ ಸುರಿದ ಗೋಧಿ ಹಿಟ್ಟಿಗೆ ಎರಡು ಲೀಟರಿನ ಹತ್ತಿರ ಹೋಗುತ್ತದೆ. ಉಪ್ಪು ಮಾತ್ರ ಒಂದು ಕೆಜಿಗೆ ಒಂದು ಲೀಟರೂ ಬೇಡ. ತೆಳು ಅವಲಕ್ಕಿ ಅರ್ಧ ಕೆಜಿಗೇ ಎರಡೂವರೆ ಮೂರು ಲೀಟರ್ ನುಂಗುತ್ತದೆ. ಮಂಡಕ್ಕಿಯಂತೂ ತೂಕಕ್ಕೆ ಸಿಗುವ ವಸ್ತುವೇ ಅಲ್ಲ, ಅದನ್ನು ಸೇರಿನಲ್ಲಿ ಅಳೆದು ಕೊಡುತ್ತಿದ್ದುದು ಸುಮ್ಮನೆ ಅಲ್ಲ. ನಿಮ್ಮ ಮನೆಯ ಸಾಮಾನಿಗೆ ಸರಿಯಾದ ಲೆಕ್ಕ ಬೇಕಿದ್ದರೆ ಒಂದು ಲೀಟರ್ ನೀರು ಹಿಡಿಯುವ ಪಾತ್ರೆಯಲ್ಲಿ ಅಳೆದುಬಿಡಿ, ಹತ್ತು ನಿಮಿಷದ ಕೆಲಸ.

ಅಕ್ಕಿ ಮೂಟೆ ತರುವವರಿಗೆ ಒಂದು ಮಾತು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿತು. ಹಳೆಯ ಡ್ರಮ್ಮಿನಲ್ಲಿ ಕೊನೆಯ ಎರಡು ಪಾವು ಹಿಡಿಸದೆ ಪೇಚಾಡಿದವರಲ್ಲಿ ನಾನೂ ಒಬ್ಬಳು. 26 ಕೆಜಿಗೆ ಸುಮಾರು 33 ಲೀಟರ್ ಬೇಕು, ಆದ್ದರಿಂದ 35 ಲೀಟರಿನ ಡ್ರಮ್ಮು ನೋಡಿ.

ಕಾಳು, ಬೇಳೆಗೆ ನಾನು ಪಾಲಿಸುವ ನಿಯಮ: ಒಂದು ಪ್ಯಾಕೆಟ್ ಪೂರ್ತಿ ಹಿಡಿಸಬೇಕು, ಮೇಲೆ ಎರಡು ಬೆರಳಷ್ಟೇ ಜಾಗ ಉಳಿಯಬೇಕು. ದೊಡ್ಡ ಡಬ್ಬಿಯ ತಳದಲ್ಲಿ ಒಂದು ಹಿಡಿ ಗೋಡಂಬಿ ಬಿದ್ದಿದ್ದರೆ ಉಳಿದ ಜಾಗವೆಲ್ಲ ಗಾಳಿ, ಆ ಗಾಳಿಯೇ ಎಣ್ಣೆಯನ್ನು ಕಮಟು ಮಾಡುವುದು. ಅದಕ್ಕೇ ಮೂರು ಮತ್ತು ನಾಲ್ಕನೆಯ ಗುಂಪಿಗೆ ಸಣ್ಣ ಡಬ್ಬಿಗಳು ಹೆಚ್ಚು ಬೇಕು. ಸೆಟ್ಟುಗಳಲ್ಲಿ ಬರುವುದು ಇದಕ್ಕೆ ತಿರುಗುಮುರುಗು.

ಡಬ್ಬಿ ಅಳೆದ ಮೇಲೆ ಕಪಾಟನ್ನೂ ಅಳೆಯಿರಿ. ಅಜ್ಜಿಯ ಕಾಲದ ನಾಗಂದಿಗೆಗೆ ತಲೆ ತಗಲುವ ಚಿಂತೆ ಇರಲಿಲ್ಲ, ಈಗಿನ ಕಪಾಟಿಗೆ ಇದೆ. ಹಲಗೆಯಿಂದ ಹಲಗೆಗೆ ಎಷ್ಟು ಎತ್ತರ, ಆಳ ಎಷ್ಟು, ಡಬ್ಬಿ ಎತ್ತಿ ತೆಗೆಯಲು ಕೈ ಹೋಗುವಷ್ಟು ಜಾಗ ಇದೆಯೇ ಎಂದು ನೋಡಿ. ದುಂಡು ಡಬ್ಬಿ ಅಷ್ಟೇ ಅಗಲದ ಚೌಕ ಡಬ್ಬಿಗಿಂತ ಸುಮಾರು 21% ಕಡಿಮೆ ಹಿಡಿಸುತ್ತದೆ, ಇದು ವೃತ್ತದ ಲೆಕ್ಕ. ಹಾಗಂತ ಎಲ್ಲವನ್ನೂ ಚೌಕವಾಗಿಸಬೇಡಿ. ದುಂಡು ಮುಚ್ಚಳ ಸುತ್ತಲೂ ಒಂದೇ ಸಮ ಒತ್ತುತ್ತದೆ, ಚೌಕದ ಮೂಲೆಗಳು ಮೊದಲು ಸಡಿಲಾಗುತ್ತವೆ. ಹಿಟ್ಟು, ಬೇಳೆಗೆ ಚೌಕ, ಹಪ್ಪಳ ಮತ್ತು ಪುಡಿಗಳಿಗೆ ದುಂಡು ಎಂದು ನಾನು ಹಂಚಿಕೊಂಡಿದ್ದೇನೆ.

ಹಂತ 3: ಯಾವುದರ ಡಬ್ಬಿ?

ಗಾಜು, ಸ್ಟೀಲು ಎರಡರ ಮೈಯಿಂದಲೂ ಗಾಳಿ, ತೇವ ನುಸುಳುವುದಿಲ್ಲ. ಪ್ಲಾಸ್ಟಿಕ್ಕಿನ ಮೂಲಕ ಅವು ನಿಧಾನವಾಗಿ ಹಾಯುತ್ತವೆ, ಪರಿಮಳವೂ ಹಾಯುತ್ತದೆ. ಒಂದೆರಡು ತಿಂಗಳಲ್ಲಿ ಮುಗಿಯುವ ಬೇಳೆಗೆ ಇದರಿಂದ ಏನೂ ಆಗುವುದಿಲ್ಲ. ಇಂಗಿಗೆ, ಕಾಫಿಪುಡಿಗೆ ಆಗುತ್ತದೆ.

ಗಾಜಿನಲ್ಲಿ ಬೋರೋಸಿಲಿಕೇಟ್ ಎಂದು ಹೆಚ್ಚು ದುಡ್ಡು ಕೇಳುತ್ತಾರೆ. ಅದರ ಹೆಚ್ಚುಗಾರಿಕೆ ಬಿಸಿ, ತಣ್ಣಗಿನ ಹಠಾತ್ ಬದಲಾವಣೆ ತಾಳುವುದರಲ್ಲಿ. ಸಾಸಿವೆ, ಮೆಂತ್ಯ ಇಡಲು ಅದು ಯಾಕೆ ಬೇಕು? ಮಾಮೂಲಿ ಗಾಜು ಸಾಕು. ಹಳೆಯ ಹಾರ್ಲಿಕ್ಸ್ ಬಾಟಲಿ ಇದ್ದರೆ ಇನ್ನೂ ಒಳ್ಳೆಯದು, ಮುಚ್ಚಳ ಸರಿಯಿದೆಯೇ ನೋಡಿಕೊಳ್ಳಿ. ಗಾಜಿನ ತೊಂದರೆ ಎರಡು: ತೂಕ ಮತ್ತು ಬೆಳಕು. ಕಡಪ ಕಲ್ಲಿನ ಹಲಗೆ ತೂಕ ತಡೆಯುತ್ತದೆ, ಕೈಜಾರಿದರೆ ಕಲ್ಲಿನ ಮೇಲೆ ಗಾಜು ತಡೆಯುವುದಿಲ್ಲ. ಬಿಸಿಲು ಬೀಳುವ ಕಡೆ ಇಟ್ಟ ಗಾಜಿನ ಬಾಟಲಿಯಲ್ಲಿ ಮೆಣಸಿನಪುಡಿ ಬಣ್ಣ ಕಳೆದುಕೊಳ್ಳುತ್ತದೆ, ಚಟ್ನಿಪುಡಿ ಬೇಗ ಕಮಟುತ್ತದೆ. ಗಾಜು ಕಪಾಟಿನ ಬಾಗಿಲ ಹಿಂದೆ ಇರಲಿ.

ಸ್ಟೀಲಿನಲ್ಲಿ 304 ಎಂದರೆ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುವುದು. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದು ಅಗ್ಗ. ಆಯಸ್ಕಾಂತ ಹಿಡಿದು "ಅಂಟಲಿಲ್ಲ ನೋಡಿ, ಒಳ್ಳೇ ಸ್ಟೀಲು" ಎನ್ನುವ ಅಂಗಡಿಯವರ ಮಾತಿಗೆ ಮರುಳಾಗಬೇಡಿ, 202ಕ್ಕೂ ಅದು ಅಂಟುವುದಿಲ್ಲ. ಅಕ್ಕಿ ಬೇಳೆಗೆ 202 ಆದರೂ ಅಡ್ಡಿಯಿಲ್ಲ. ಉಪ್ಪು, ಹುಣಸೆಹಣ್ಣು, ಉಪ್ಪಿನಕಾಯಿ ಮಾತ್ರ ಯಾವ ಸ್ಟೀಲಿಗೂ ಬೇಡ. ಉಪ್ಪು ಸ್ಟೀಲನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅವು ಗಾಜಿಗೆ ಅಥವಾ ಭರಣಿಗೆ.

ಪ್ಲಾಸ್ಟಿಕ್ಕಾದರೆ ತಳ ತಿರುಗಿಸಿ ತ್ರಿಕೋನದೊಳಗಿನ ಅಂಕಿ ಓದಿ. 5 ಎಂದರೆ ಪಾಲಿಪ್ರೊಪಿಲೀನ್, ಬಿಸಿನೀರು ತಡೆಯುತ್ತದೆ, ದಿನಬಳಕೆಗೆ ನನ್ನ ಮೊದಲ ಆಯ್ಕೆ. 1 ಎಂದರೆ ಪೆಟ್, ಗಾಜಿನಂತೆ ಕಾಣುವ ಜಾಡಿಗಳು. ಒಣ ಸಾಮಾನಿಗೆ ಚೆನ್ನ, ಕುದಿನೀರು ಸುರಿದರೆ ಸೊಟ್ಟಗಾಗುತ್ತವೆ. 2 ಕೂಡ ಆದೀತು. 3 ಮತ್ತು 6 ಬೇಡ. 7 ಎಂದರೆ 'ಉಳಿದವೆಲ್ಲ', ಅದರಲ್ಲಿ ಬಿಪಿಎ ಎಂಬ ರಾಸಾಯನಿಕ ಬಳಸಿ ಮಾಡುವ ಪಾಲಿಕಾರ್ಬೊನೇಟ್ ಕೂಡ ಬರುತ್ತದೆ, ಹಾಗಾಗಿ ಯಾವುದೆಂದು ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ ಆಹಾರ ಇಡಲು ತಕ್ಕದ್ದು ಎಂದರ್ಥ. ಮೈಕ್ರೋವೇವ್ ಸೇಫ್ ಎಂಬ ಮುದ್ರೆಗೂ ಗಾಳಿಯಾಡದಿರುವುದಕ್ಕೂ ಸಂಬಂಧವೇ ಇಲ್ಲ.

ಭರಣಿ ಉಪ್ಪಿನಕಾಯಿಗೆ ಇಂದಿಗೂ ಸಾಟಿಯಿಲ್ಲದ್ದು. ಹೊಸದಾಗಿ ಹಾಕಿದ ಮಾವಿನಮಿಡಿ ಕೆಲವು ವಾರ ಹುದುಗುತ್ತ ಗಾಳಿ ಬಿಡುತ್ತದೆ. ಆಗ ಕ್ಲಿಪ್ಪಿನ ಗಾಜಿನ ಜಾಡಿಯಲ್ಲಿ ಬಿಗಿದಿಟ್ಟರೆ ಒತ್ತಡ ಕಟ್ಟಿ ರಸ ಉಕ್ಕುತ್ತದೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದರ ಗುಟ್ಟು ಅದೇ.

ಹಂತ 4: ಮುಚ್ಚಳ ನೋಡಿ, ಡಬ್ಬಿ ಆಮೇಲೆ

ನಿಜಕ್ಕೂ ನೀವು ದುಡ್ಡು ಕೊಡುತ್ತಿರುವುದು ಮುಚ್ಚಳಕ್ಕೆ. ಒತ್ತಿ ಮುಚ್ಚುವ ಮಾಮೂಲಿ ಸ್ಟೀಲ್ ಡಬ್ಬಿ ಎಷ್ಟೇ ಬಿಗಿಯಾಗಿರಲಿ, ಗಾಳಿಯಾಡದ್ದಲ್ಲ. ಲೋಹಕ್ಕೆ ಲೋಹ ಪೂರ್ತಿ ಕೂರುವುದಿಲ್ಲ. ನಡುವೆ ಮೆತ್ತಗಿನದೊಂದು ಬೇಕು, ಕುಕ್ಕರಿಗೆ ಗ್ಯಾಸ್ಕೆಟ್ ಬೇಕಾದಂತೆ. ಅಮ್ಮ ಹಪ್ಪಳದ ಡಬ್ಬಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಮುಚ್ಚಳ ಒತ್ತುತ್ತಾರೆ, ಅದೂ ಗ್ಯಾಸ್ಕೆಟ್ಟೇ.

ಹೊಸ ಡಬ್ಬಿಯಲ್ಲಿ ಮೊದಲು ರಿಂಗ್ ಬಿಚ್ಚಿ ನೋಡಿ. ಕೈಯಿಂದ ಬಿಚ್ಚಿ ಮತ್ತೆ ಕೂರಿಸುವಂತಿರಬೇಕು, ಅಂಟಿಸಿದ್ದಿರಬಾರದು. ನನ್ನ ಹದಿನೆಂಟು ಡಬ್ಬಿಗಳ ಪಾಡು ಇದೇ ಆಗಿತ್ತು, ರಿಂಗ್ ಬಿಚ್ಚಬೇಕೆಂದು ನನಗೂ ಹೊಳೆದಿರಲಿಲ್ಲ. ಸಿಲಿಕೋನ್ ರಿಂಗ್ ಹಲವು ವರ್ಷ ಮೆತ್ತಗಿರುತ್ತದೆ. ರಿಂಗ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಕ್ಲಿಪ್ಪಿನ ಬುಡ ತೆಳ್ಳಗಿದ್ದರೆ ಅದೇ ಮೊದಲು ಮುರಿಯುವುದು, ಒಂದು ಕಿವಿ ಹೋದ ಡಬ್ಬಿ ಮೂರು ಕಿವಿಯಲ್ಲಿ ಕೆಲಸ ಮಾಡುವುದಿಲ್ಲ. ದಿನಕ್ಕೆ ಐದಾರು ಸಲ ತೆರೆಯುವ ಸಕ್ಕರೆಗೆ ನಾಲ್ಕು ಕ್ಲಿಪ್ಪಿನ ಡಬ್ಬಿ ಇಟ್ಟರೆ ಮನೆಮಂದಿ ಎರಡೇ ಹಾಕಿ ಹೋಗುತ್ತಾರೆ. ಅದಕ್ಕೆ ತಿರುಗಿಸುವ ಮುಚ್ಚಳವೇ ವಾಸಿ.

ಹಂತ 5: ಪರೀಕ್ಷೆ

ಪಟ್ಟಿ ನೋಡಿ ಸೆಟ್ ತರಬೇಡಿ. ಒಂದೇ ಒಂದು ತಂದು, ಮೂರು ದಿನ ಪರೀಕ್ಷಿಸಿ, ಆಮೇಲೆ ಉಳಿದದ್ದು.

ಅಂಗಡಿಯಲ್ಲೇ ಮಾಡಬಹುದಾದದ್ದು: ಬಿಲ್ಲಿನ ಚೀಟಿಯ ತುದಿಯನ್ನು ಮುಚ್ಚಳದಡಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ನಾಲ್ಕೂ ಮೂಲೆಯಲ್ಲಿ ಬಿಗಿಯಾಗಿ ಹಿಡಿಯಬೇಕು. ಸುಲಭವಾಗಿ ಜಾರಿದ ಕಡೆ ಗಾಳಿಗೂ ದಾರಿಯಿದೆ.

ನೀರು ತುಂಬಿ ಬೋರಲು ಹಾಕುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ, ಆದರೆ ಅರ್ಧ ಸತ್ಯ. ನೀರು ಸೋರದ ಸಂದಿನಲ್ಲಿ ಗಾಳಿ ಸೋರಬಹುದು. ಅದಕ್ಕಿಂತ ಒಳ್ಳೆಯದು ಖಾಲಿ ಡಬ್ಬಿಯನ್ನು ಮುಚ್ಚಿ ಬಕೆಟ್ಟಿನ ಬಿಸಿನೀರಿನಲ್ಲಿ, ಕೈ ತಡೆಯುವಷ್ಟು ಬಿಸಿಯಲ್ಲಿ, ಮುಳುಗಿಸಿ ಹಿಡಿಯುವುದು. ಒಳಗಿನ ಗಾಳಿ ಹಿಗ್ಗಿ ಎಲ್ಲಿ ಸಂದಿದೆಯೋ ಅಲ್ಲಿಂದ ಗುಳ್ಳೆ ಬರುತ್ತದೆ. ಗುಳ್ಳೆಯ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ರಿಂಗ್ ಸರಿಯಾಗಿ ಕೂತಿದೆಯೇ ನೋಡಿ, ಮತ್ತೊಮ್ಮೆ ಮುಳುಗಿಸಿ.

ಮೂರನೆಯದು ನನ್ನ ಮೆಚ್ಚಿನದು. ಇಂಗಿನ ತುಂಡೊಂದನ್ನು ಒಳಗಿಟ್ಟು ಮುಚ್ಚಿ, ಡಬ್ಬಿಯನ್ನು ದೊಡ್ಡ ಪಾತ್ರೆಯಲ್ಲಿಟ್ಟು ತಟ್ಟೆ ಮುಚ್ಚಿ. ಬೆಳಿಗ್ಗೆ ಪಾತ್ರೆಯ ತಟ್ಟೆ ತೆಗೆದು ಮೂಸಿ. ಮಳೆಗಾಲದಲ್ಲಾದರೆ ಸುಟ್ಟ ಹಪ್ಪಳವೊಂದನ್ನು ಒಳಗಿಟ್ಟು, ಇನ್ನೊಂದನ್ನು ಹೊರಗಿಟ್ಟು ಮರುದಿನ ಎರಡನ್ನೂ ಮುರಿದು ಸದ್ದು ಕೇಳಿ. ಹೊರಗಿನದು ಮೆತ್ತಗಾಗಿ, ಒಳಗಿನದು ಪಟ್ಟೆಂದರೆ ಡಬ್ಬಿ ಪಾಸು.

ಹಂತ 6: ತುಂಬುವ ಮೊದಲು

ಈ ಹಂತವನ್ನು ಬಿಟ್ಟರೆ ಹಿಂದಿನ ಐದೂ ದಂಡ.

ಅಕ್ಕಿಯ ಮೂತಿಹುಳ ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ತೂತು ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಮುತ್ತಿನಂತೆ ಕಾಣುತ್ತದೆ. ಹೆಸರುಕಾಳು, ಅಲಸಂದೆಯ ಹುಳ ಕಾಳಿನ ಮೇಲೆಯೇ ಬಿಳಿ ಚುಕ್ಕೆಯಂತೆ ಮೊಟ್ಟೆ ಅಂಟಿಸುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅಂದರೆ ಹುಳ ಹೊರಗಿನಿಂದ ಬರಲೇಬೇಕೆಂದಿಲ್ಲ, ಅಂಗಡಿಯಿಂದಲೇ ಜೊತೆಗೆ ಬಂದಿರುತ್ತದೆ. ರವೆ, ಮೈದಾ, ಕಾಳುಗಳನ್ನು ಒಂದೊಂದು ಕೆಜಿಯ ಪ್ಯಾಕೆಟ್ಟಾಗಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಪ್ಯಾಕೆಟ್ ಒಡೆಯದೆ ಅರ್ಧ ದಿನ ಬಿಡಿ. ಬೆವರು ಪ್ಯಾಕೆಟ್ಟಿನ ಹೊರಮೈಯಲ್ಲಿ ಕೂರುತ್ತದೆ, ಒರೆಸಿ, ಆಮೇಲೆ ಡಬ್ಬಿಗೆ ಸುರಿಯಿರಿ. ರವೆಯನ್ನು ಹುರಿದಿಡುವವರು ಪೂರ್ತಿ ಆರಿಸಿಯೇ ತುಂಬಬೇಕು. ಬಿಸಿಲಿಗೆ ಹಾಕಿದ ಕಾಳಿಗೂ, ಬಾಣಲೆಯಿಂದ ತೆಗೆದ ಕೋಡುಬಳೆಗೂ ಇದೇ ಮಾತು. ಬಿಸಿ ಇರುವಾಗ ಮುಚ್ಚಿದರೆ ಹಬೆ ಮುಚ್ಚಳದಲ್ಲಿ ಹನಿಗಟ್ಟಿ ಕೆಳಗಿಳಿಯುತ್ತದೆ. ರಾಗಿಯೊಂದಕ್ಕೆ ಈ ಯಾವ ರಗಳೆಯೂ ಅಷ್ಟಿಲ್ಲ, ಒಣಗಿದ್ದರೆ ಸಾಕು, ಹುಳ ಅದರ ತಂಟೆಗೆ ಹೋಗುವುದು ಕಡಿಮೆ. ರಾಗಿ ಹಿಟ್ಟು ಬೇರೆ ಮಾತು, ಅದು ಬೇಗ ಕಹಿಯಾಗುತ್ತದೆ, ಬೀಸಿಸಿದ್ದನ್ನು ಒಂದೆರಡು ತಿಂಗಳಲ್ಲಿ ಮುಗಿಸಿ.

ಹಳೆಯದರ ಮೇಲೆ ಹೊಸದು ಸುರಿಯಬೇಡಿ. ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ತೆಗೆದಿಟ್ಟು, ಡಬ್ಬಿ ತೊಳೆದು ಒಣಗಿಸಿ, ಹೊಸದು ತುಂಬಿ. ಬಟ್ಟಲಿನದು ಮೊದಲು ಮುಗಿಯಲಿ. ಪ್ಯಾಕೆಟ್ಟಿನ ಮೇಲಿನ ದಿನಾಂಕದ ತುಂಡನ್ನು ಕತ್ತರಿಸಿ ಡಬ್ಬಿಯ ಬೆನ್ನಿಗೆ ಟೇಪ್ ಹಾಕಿದರೆ ಲೇಬಲ್ ಬರೆಯುವ ಕೆಲಸವೂ ಉಳಿಯಿತು.

ಹಸಿ ಪದಾರ್ಥಕ್ಕೆ ಈ ಡಬ್ಬಿಗಳನ್ನು ನಂಬಬೇಡಿ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ, ಶುಂಠಿ ಬೆಳ್ಳುಳ್ಳಿ ಪೇಸ್ಟು ಗಾಳಿಯಿಲ್ಲದೆ ಹೊರಗೆ ಉಳಿದರೆ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕೆ ವಾಸನೆಯ ಸುಳಿವೂ ಇರುವುದಿಲ್ಲ. ಅವು ಫ್ರಿಜ್ಜಿನಲ್ಲೇ ಇರಲಿ, ಅದೂ ಕೆಲವೇ ದಿನ.

ಹಂತ 7: ಮಳೆಗಾಲಕ್ಕೆ ಮುಂಚೆ ಒಮ್ಮೆ

ಬೆಂಗಳೂರಿನಲ್ಲಿ ನಡೆಯುವ ಸಡಿಲ ಮುಚ್ಚಳ ಮಲೆನಾಡಿನಲ್ಲಿ, ಕರಾವಳಿಯಲ್ಲಿ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅಲ್ಲಿ ಜುಲೈಯಲ್ಲಿ ಬೆಂಕಿಪೊಟ್ಟಣವೂ ಗೀಚಿದರೆ ಹತ್ತುವುದಿಲ್ಲ. ನಿಮ್ಮ ಮನೆಯ ಹವೆ ಅಳೆಯಲು ಯಂತ್ರ ಬೇಡ. ತಟ್ಟೆಯಲ್ಲಿ ಒಂದು ಚಮಚ ಉಪ್ಪು ತೆರೆದಿಡಿ. ಗಾಳಿಯ ತೇವಾಂಶ ಸುಮಾರು 75% ದಾಟಿದಾಗ ಉಪ್ಪು ನೀರೊಡೆಯುತ್ತದೆ. ಉಪ್ಪು ಒದ್ದೆಯಾದ ವಾರದಿಂದ ದೊಡ್ಡ ಡಬ್ಬಿಗಳನ್ನು ಪದೇ ಪದೇ ತೆರೆಯುವುದು ನಿಲ್ಲಿಸಿ, ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದಿಟ್ಟುಕೊಳ್ಳಿ. ಹಪ್ಪಳ, ಸಂಡಿಗೆ, ಕಾಫಿಪುಡಿಗೆ ಇದು ಕಡ್ಡಾಯ.

ಮೇ ಕೊನೆಯ ಬಿಸಿಲಿರುವಾಗಲೇ ಎಲ್ಲ ರಿಂಗ್ ಬಿಚ್ಚಿ ಸೋಪಿನ ಬೆಚ್ಚಗಿನ ನೀರಿನಲ್ಲಿ ನೆನೆಸಿ. ಮುಚ್ಚಳದ ಕಾಲುವೆಯನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ರಿಂಗನ್ನೂ ಮುಚ್ಚಳವನ್ನೂ ಬೇರೆ ಬೇರೆಯಾಗಿ ಒಂದು ಪೂರ್ತಿ ದಿನ ನೆರಳಲ್ಲಿ ಒಣಗಿಸಿ. ಅವಸರಕ್ಕೆ ಒದ್ದೆ ರಿಂಗ್ ಕೂರಿಸಿದರೆ ಆ ಎರಡು ಹನಿಯೇ ಒಳಗಿನ ಹಿಟ್ಟಿಗೆ ಸಾಕು. ಬಿರುಕು ಬಿಟ್ಟದ್ದು, ಎಳೆದರೆ ಮೊದಲಿನ ಅಳತೆಗೆ ಮರಳದ್ದು ಇದ್ದರೆ ಹೊಸದು ಹಾಕಿ. ಉಪ್ಪಿನಕಾಯಿ ವಾಸನೆ ಹಿಡಿದ ಮುಚ್ಚಳವನ್ನು ಎಷ್ಟು ತೊಳೆದರೂ ಸಕ್ಕರೆಗೆ ಬಳಸಬೇಡಿ, ಪಾಯಸ ಹೇಳಿಬಿಡುತ್ತದೆ.

ನನ್ನ ಆ ಹದಿನೆಂಟರಲ್ಲಿ ಹನ್ನೊಂದು ಇನ್ನೂ ಇವೆ. ನಾಲ್ಕರಲ್ಲಿ ಬೇಳೆ, ಎರಡರಲ್ಲಿ ರವೆ, ಒಂದರಲ್ಲಿ ಮೈದಾ. ಕಿವಿ ಮುರಿದ ನಾಲ್ಕರಲ್ಲಿ ಸೂಜಿದಾರ, ಮೇಣದಬತ್ತಿ, ಹಳೆಯ ರಿಂಗುಗಳು, ಮತ್ತೆ ಬೇರೆ ಯಾವ ಡಬ್ಬಿಗೂ ಕೂರದ ಮುಚ್ಚಳಗಳು.